ಪೆಟ್ರೋಲ್ ಪಂಪಿನ ಬಿಲ್ಲೆಯನ್ನು ಎರಡು ಬಾರಿ ಮಾಡಿದ ಕಥೆ

ನನ್ನ ಹಳೆಯ ಕಾರಿನ ಎಂಜಿನ್ ಬ್ಲಾಕಿಗೂ ಪೆಟ್ರೋಲ್ ಪಂಪಿಗೂ ನಡುವೆ ಕೂರುವ ದಪ್ಪನೆಯ ಬಿಲ್ಲೆಯೊಂದು ಬೋಲ್ಟ್ ತೂತಿನ ಬಳಿ ಸೀಳಿ, ಅಲ್ಲಿಂದ ಎಣ್ಣೆ ಜಿನುಗಲು ಶುರುವಾಗಿತ್ತು. ಹೊಸದು ಎಲ್ಲಿ ಹುಡುಕಿದರೂ ಸಿಗಲಿಲ್ಲವಾದ್ದರಿಂದ, ವರ್ನಿಯರ್ ಕ್ಯಾಲಿಪರ್‌ನಲ್ಲಿ ದಪ್ಪ ಅಳೆದು, ಹಳೆಯ ಬಿಲ್ಲೆಯನ್ನೇ ಅಲ್ಯೂಮಿನಿಯಂ ತಗಡಿನ ಮೇಲಿಟ್ಟು ಗೀರಿ, ಕತ್ತರಿಸಿ, ಅರದಿಂದ ಅಂಚುಗಳನ್ನು ನಯಗೊಳಿಸಿ ನಾನೇ ಒಂದನ್ನು ಮಾಡಿ ಕೂರಿಸಿದೆ. ಜಿನುಗುವುದು ನಿಂತಿತು. ಆದರೆ ಅರ್ಧ ಗಂಟೆ ಓಡಿಸಿ, ಸ್ವಲ್ಪ ಹೊತ್ತು ನಿಲ್ಲಿಸಿ, ಮತ್ತೆ ಕೀಲಿ ತಿರುಗಿಸಿದರೆ ಎಂಜಿನ್ ಚಾಲೂ ಆಗುತ್ತಿರಲಿಲ್ಲ. ಪೂರ್ತಿ ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತಿತ್ತು.

ಕಾರ್ಬುರೇಟರನ್ನೂ ಇಗ್ನಿಷನ್ ಕಾಯಿಲನ್ನೂ ಶಂಕಿಸಿ ಎರಡು ವಾರ ಕಳೆದ ಮೇಲೆ ತಪ್ಪು ನನ್ನ ಬಿಲ್ಲೆಯಲ್ಲೇ ಇದೆಯೆಂದು ತಿಳಿಯಿತು. ಮೂಲದ್ದು ಬೇಕಲೈಟ್ ಜಾತಿಯ, ಅಂದರೆ ಫೀನಾಲಿಕ್ ರಾಳದಲ್ಲಿ ಅದ್ದಿದ ಪದರಗಳನ್ನು ಒತ್ತಿ ತಯಾರಿಸಿದ ಹಾಳೆಯಿಂದ ಮಾಡಿದ್ದು. ಅದಕ್ಕೆ ಹೋಲಿಸಿದರೆ ಅಲ್ಯೂಮಿನಿಯಂ ನೂರಾರು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಎಂಜಿನ್ ನಿಂತೊಡನೆ ತಂಪು ನೀರಿನ ಹರಿವೂ ನಿಲ್ಲುವುದರಿಂದ ಬ್ಲಾಕಿನ ಬಿಸಿಯೆಲ್ಲ ನನ್ನ ಬಿಲ್ಲೆಯ ಮೂಲಕ ನೇರವಾಗಿ ಪಂಪಿಗೆ ಇಳಿದು, ಒಳಗಿನ ಪೆಟ್ರೋಲ್ ಆವಿಯಾಗುತ್ತಿತ್ತು. ದ್ರವವನ್ನು ತಳ್ಳಲೆಂದು ಮಾಡಿದ ಪಂಪಿನ ಡಯಾಫ್ರಾಮ್, ಅಂದರೆ ಮೇಲೆ ಕೆಳಗೆ ಆಡುವ ಪೊರೆ, ಆವಿಯನ್ನು ಬರಿದೇ ಹಿಂಡಿ ಬಿಡುತ್ತಿತ್ತೇ ಹೊರತು ಕಾರ್ಬುರೇಟರಿಗೆ ಏನನ್ನೂ ಕಳಿಸುತ್ತಿರಲಿಲ್ಲ. ಬಿಲ್ಲೆಯ ಆಕಾರವನ್ನು ನಾನು ನಿಷ್ಠೆಯಿಂದ ನಕಲು ಮಾಡಿದ್ದೆ, ಅದರ ಕೆಲಸ ಏನೆಂದು ಮಾತ್ರ ಕೇಳಿಕೊಂಡಿರಲಿಲ್ಲ.

ಎರಡನೆಯ ಬಾರಿ ಫೀನಾಲಿಕ್ ಹಾಳೆಯನ್ನೇ ತಂದೆ. ಅದನ್ನು ಕೊಯ್ಯುವಾಗ ಏಳುವ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮುಖಗವಸು ಬೇಕೇ ಬೇಕು. ದಪ್ಪದ ವಿಷಯದಲ್ಲೂ ಈ ಬಾರಿ ಎಚ್ಚರ ವಹಿಸಿದೆ, ಏಕೆಂದರೆ ಪಂಪಿನ ಲಿವರ್ ಕ್ಯಾಮ್‌ಶಾಫ್ಟ್ (ತಿರುಗುತ್ತ ಲಿವರನ್ನು ತಳ್ಳುವ, ಉಬ್ಬುಗಳಿರುವ ಎಂಜಿನ್ ದಂಡ) ಮೇಲೆ ಎಷ್ಟು ಒತ್ತಿ ಕೂರಬೇಕೆಂಬುದನ್ನು ನಿರ್ಧರಿಸುವುದು ಇದೇ ಬಿಲ್ಲೆ: ದಪ್ಪ ಹೆಚ್ಚಾದರೆ ಲಿವರ್‌ನ ಚಲನೆ ಕುಗ್ಗಿ ಪೆಟ್ರೋಲ್ ಸಾಲದಾಗುತ್ತದೆ, ಕಡಿಮೆಯಾದರೆ ಲಿವರ್ ಅತಿಯಾಗಿ ಒತ್ತಲ್ಪಟ್ಟು ಬೇಗ ಸವೆಯುತ್ತದೆ. ಎರಡೂ ಬದಿಯ ಕಾಗದದ ಗ್ಯಾಸ್ಕೆಟ್‌ಗಳು ಬೋಲ್ಟ್ ಬಿಗಿದ ಮೇಲೆ ಎಷ್ಟು ಅಮರುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಾಯಿತು. ಆ ಬಿಲ್ಲೆ ಇಂದಿಗೂ ಅಲ್ಲೇ ಇದೆ.

ಸವೆದ ಭಾಗಗಳ ಅಳತೆಯನ್ನು ನಂಬಬಾರದೆಂಬುದನ್ನು ಕಲಿಸಿದ್ದು ವೈಪರ್‌ನ ಬುಷ್, ಅಂದರೆ ವೈಪರ್‌ನ ದಂಡ ಒಳಗೆ ತಿರುಗುವ ಸಣ್ಣ ಲೋಹದ ಕೊಳವೆ. ಅದರ ತೂತು ಒಂದು ದಿಕ್ಕಿನಲ್ಲಿ 10.2 ಮಿ.ಮೀ., ಇನ್ನೊಂದು ದಿಕ್ಕಿನಲ್ಲಿ 10.6 ಮಿ.ಮೀ. ತೋರಿಸುತ್ತಿತ್ತು, ಎರಡೂ ನಿಜವಾದ ಅಳತೆಯಲ್ಲ. ಬುಷ್ ಎಂದೂ ಮುಟ್ಟದ ತುದಿಯಲ್ಲಿ ದಂಡವನ್ನು ಅಳೆದಾಗ ಸರಿಯಾಗಿ 10 ಮಿ.ಮೀ. ಸಿಕ್ಕಿತು. ಆದರೆ ಉಜ್ಜಿಕೊಂಡ ಜಾಗದಲ್ಲಿ ದಂಡವೇ 9.9ಕ್ಕೆ ಇಳಿದಿದ್ದರಿಂದ, ಅಷ್ಟೇ ಉದ್ದದ ಹೊಸ ಬುಷ್ ಹಾಕಿದರೂ ಅಲುಗಾಟ ಪೂರ್ತಿ ಹೋಗುತ್ತಿರಲಿಲ್ಲ. ಹಾಗಾಗಿ ಬುಷ್ಷನ್ನು 4 ಮಿ.ಮೀ. ಹೆಚ್ಚು ಉದ್ದವಾಗಿ ಲೇತ್ ಯಂತ್ರದಲ್ಲಿ ತಿರುವಿ, ದಂಡದ ಸವೆಯದ ಭಾಗವೂ ಅದರೊಳಗೆ ಆಧಾರ ಪಡೆಯುವಂತೆ ಮಾಡಿದೆ. ನಾನು ಬಳಸಿದ್ದು ಎಣ್ಣೆ ಹೀರಿಕೊಳ್ಳುವ ರಂಧ್ರಮಯ ಕಂಚು. ಇದರ ಒಳಮೈಯನ್ನು ಎಮರಿ ಕಾಗದದಿಂದ ಉಜ್ಜಿದರೆ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗುತ್ತವೆ, ಆದ್ದರಿಂದ ಹರಿತವಾದ ಉಳಿಯಿಂದಲೇ ಕೊನೆಯ ಅಳತೆಗೆ ತರಬೇಕು.

ರಬ್ಬರಿನಲ್ಲಿ ಕಣ್ಣಿಗೆ ಎಲ್ಲವೂ ಒಂದೇ ಕಪ್ಪು. ಆದರೆ ಪೆಟ್ರೋಲ್ ತಾಗುವ ಕಡೆ ನೈಟ್ರೈಲ್ ರಬ್ಬರ್ ಬೇಕು. ಬಾಗಿಲಿನ ಅಂಚಿಗೆ ಹೇಳಿ ಮಾಡಿಸಿದಂತಿರುವ ಇಪಿಡಿಎಂ ರಬ್ಬರ್ ಪೆಟ್ರೋಲ್‌ನಲ್ಲಿ ಊದಿಕೊಳ್ಳುತ್ತದೆ. ತ್ರೀಡಿ ಮುದ್ರಣದಲ್ಲಿ ಹೆಚ್ಚಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುತ್ತದೆ, ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಅದಕ್ಕಿಂತ ಹೆಚ್ಚು ಕಾಯಬಲ್ಲದು. ಹಾಗಾಗಿ ಪಿಎಲ್‌ಎಯನ್ನು ಅಳತೆ ಹೊಂದುತ್ತದೆಯೇ ಎಂದು ನೋಡುವ ಮಾದರಿಗಷ್ಟೇ ಬಳಸುತ್ತೇನೆ.

ಬ್ರೇಕ್ ಮತ್ತು ಸ್ಟೀರಿಂಗ್ ವಿಷಯದಲ್ಲಿ ಮಾತ್ರ ನಾನು ಕೈಯಾಡಿಸುವುದಿಲ್ಲ. ಬಗ್ಗಿಸಲು ಸುಲಭವೆಂದು ಬ್ರೇಕಿಗೆ ಸಾದಾ ತಾಮ್ರದ ಕೊಳವೆ ಹಾಕುವವರಿದ್ದಾರೆ. ಅದು ಕಂಪನದಿಂದ ಗಡುಸಾಗುತ್ತ ಹೋಗಿ, ಯಾವ ಸೂಚನೆಯೂ ಇಲ್ಲದೆ ಬಿರಿಯಬಹುದು. ಈಗ ನನ್ನ ಕಾರು ಸ್ಟೀರಿಂಗ್ ತೋಳಿನ ಒಂದೇ ಒಂದು ಬೋಲ್ಟಿಗಾಗಿ ಸ್ಟ್ಯಾಂಡುಗಳ ಮೇಲೆ ನಿಂತಿದೆ. ಅದರ ಅಳತೆಗಳೆಲ್ಲ ನನ್ನ ಬಳಿ ಇವೆ, ಲೇತ್‌ನಲ್ಲಿ ಒಂದು ಗಂಟೆಯ ಕೆಲಸ. ಆದರೆ ಹಳೆಯ ಬೋಲ್ಟಿನ ತಲೆಯ ಮೇಲೆ 8.8 ಎಂಬ ಗುರುತಿದೆ, ಅಂದರೆ ಕನಿಷ್ಠ 800 ಮೆಗಾಪ್ಯಾಸ್ಕಲ್ ಎಳೆತವನ್ನು ತಾಳಬಲ್ಲ, ಹದಗೊಳಿಸಿದ ಉಕ್ಕು. ನನ್ನ ಕಪಾಟಿನಲ್ಲಿರುವ ಸರಳುಗಳಲ್ಲಿ ಯಾವುದರ ಮೇಲೂ ಅಂಥ ಗುರುತಿಲ್ಲ. ಸರಿಯಾದ ಬೋಲ್ಟ್ ಬರುವವರೆಗೆ ಕಾರು ಸ್ಟ್ಯಾಂಡಿನ ಮೇಲೆಯೇ ಇರುತ್ತದೆ.