ಕರ್ನಲ್ ರೋಬೋಟ್‌ನ ಕಾಗದ ಓದಿದ ದಿನ

ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಮೊದಲ ಸಲ ಪ್ಯಾಚ್, ಅಂದರೆ ಕೋಡ್‌ನ ಬದಲಾವಣೆ, ಕಳಿಸಿದವರಿಗೆ ಎಷ್ಟೋ ಸಲ ಮನುಷ್ಯರಿಗಿಂತ ಮುಂಚೆ ಉತ್ತರ ಬರೆಯುವುದು ಒಂದು ಯಂತ್ರ. ಹೆಸರು ‘ಕರ್ನಲ್ ಟೆಸ್ಟ್ ರೋಬೋಟ್’, ನಡೆಸುವುದು ಇಂಟೆಲ್. ಯಾರೇ ಪ್ಯಾಚ್ ಕಳಿಸಲಿ, ಅದನ್ನೆತ್ತಿ ಕರ್ನಲ್‌ಗೆ ಹಚ್ಚಿ, ಬೇರೆ ಬೇರೆ ಪ್ರೊಸೆಸರ್‌ಗಳಿಗೆ, ಬೇರೆ ಬೇರೆ ಕಂಪೈಲರ್‌ಗಳಲ್ಲಿ (ಕೋಡನ್ನು ಯಂತ್ರಸಂಕೇತಕ್ಕೆ ತಿರುಗಿಸುವ ಪ್ರೋಗ್ರಾಂಗಳಲ್ಲಿ) ಬಿಲ್ಡ್ ಮಾಡಿ, ಅಂದರೆ ಕಟ್ಟಿ ನೋಡುತ್ತದೆ. ಹೊಸ ತಕರಾರು ಕಂಡರೆ ಬರೆದವರ ಹೆಸರು ಹಿಡಿದು ಕರೆದು ಇಮೇಲ್‌ನಲ್ಲಿ ಕಾಗದ ಹಾಕುತ್ತದೆ. ಈ ಕಾಗದವನ್ನು ಬೈಗುಳ ಅಂದುಕೊಂಡು ಕೆಲಸವನ್ನೇ ಕೈಬಿಟ್ಟ ಹುಡುಗರನ್ನು ನಾನು ನೋಡಿದ್ದೇನೆ. ಅದಕ್ಕೇ ಕಳೆದ ಮಳೆಗಾಲದ ಒಂದು ದಿನದ ಬಗ್ಗೆ ಬರೆಯುತ್ತಿದ್ದೇನೆ.

ನಮ್ಮ ಓಣಿಯ ಹುಡುಗನೊಬ್ಬ ಇಲ್ಲೇ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಮಾಮಾನದು ನೆಹರು ಗಂಜ್‌ನಲ್ಲಿ ತೊಗರಿ ಗೋದಾಮು. ತೊಗರಿಯ ಬಗ್ಗೆ ಈ ಜಿಲ್ಲೆಯವರಿಗೆ ಹೇಳಬೇಕಾದ್ದೇನಿಲ್ಲ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಬಂತು. ಚಳಿಗಾಲದಲ್ಲಿ ರಾಶಿಯಾದ ಮಾಲು ಒಳ್ಳೆ ದರದ ಆಸೆಗೆ ಮಿರಗದ ಮಳೆ ತನಕ ಉಳಿದರೆ ಚಿಂತೆ ಶುರು. ಗೋದಾಮಿನ ಗಾಳಿಯಲ್ಲಿ ತೇವ ಏರುತ್ತದೆ, ಚೀಲಕ್ಕೆ ಇಳಿಯುತ್ತದೆ, ಹುಳ ಬೀಳುತ್ತದೆ. ಹುಡುಗ ಸಣ್ಣದೊಂದು ಬೋರ್ಡಿಗೆ ತೇವಾಂಶದ ಸೆನ್ಸರ್ ಜೋಡಿಸಿ ಚೀಲಗಳ ನಡುವೆ ಇಟ್ಟಿದ್ದ. ಆ ಸೆನ್ಸರ್ ಜೊತೆ ಮಾತಾಡುವ ಕೋಡ್, ಅಂದರೆ ಡ್ರೈವರ್, ಕರ್ನಲ್‌ನಲ್ಲಿ ಇರಲಿಲ್ಲ. ತಾನೇ ಬರೆದ. ಇನ್ನೊಬ್ಬರಿಗೂ ಉಪಯೋಗವಾಗಲಿ ಅಂತ ಕಳಿಸಿಯೂ ಬಿಟ್ಟ. ಇದು ನನಗೆ ಬಹಳ ಹಿಡಿಸಿದ ಸಂಗತಿ. ನಮ್ಮ ಕಡೆಯ ಒಂದು ಗೋದಾಮಿನ ಸಮಸ್ಯೆಗೆ ಹುಟ್ಟಿದ ಕೋಡ್ ಎಲ್ಲರ ಕರ್ನಲ್ ಸೇರಬೇಕು ಅನ್ನುವ ಆಸೆ ಸಣ್ಣದಲ್ಲ.

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಕಂಕುಳಲ್ಲಿ ಹಿಡಿದು ಮನೆಗೆ ಬಂದ. ಮುಖ ಸಪ್ಪಗಿತ್ತು.

“ಸರ್, ಗೋದಾಮ್ದಾಗ ರೀಡಿಂಗ್ ಬರೋಬ್ಬರಿ ಬರ್ಲಿಕ್ಕತ್ಯಾದ್ರಿ. ಇವ್ರು ನೋಡಿದ್ರ ತಪ್ಪದಾ ಅಂತ ಬರ್ದಾರ.”

“ಎಲ್ಲಿ, ಓದು ನೋಡಮು,” ಅಂದೆ. ಅವನು ಪೂರ್ತಿ ಓದಿರಲಿಲ್ಲ, ‘ವಾರ್ನಿಂಗ್’ ಅಂತಿದ್ದ ಸಾಲೊಂದನ್ನೇ ನೋಡಿದ್ದ. ಇಬ್ಬರೂ ಕೂತು ಮೊದಲಿನಿಂದ ಓದಿದೆವು.

ಈ ಕಾಗದಗಳಲ್ಲಿ ಒಂದು ಪದವೂ ದಂಡವಲ್ಲ. ಮೇಲೆ ಯಾವ ಪ್ಯಾಚ್, ಯಾವ ಮರದ (ಕರ್ನಲ್ ಕೋಡ್‌ನ ಪ್ರತಿಯ) ಯಾವ ಕಮಿಟ್‌ನ (ದಾಖಲಾದ ಬದಲಾವಣೆಯ) ಮೇಲೆ ಹಚ್ಚಿ ನೋಡಿದ್ದು ಅನ್ನುವ ವಿವರ. ಆಮೇಲೆ ಯಾವ ಪ್ರೊಸೆಸರ್, ಯಾವ ಕಾನ್ಫಿಗ್ (ಬಿಲ್ಡ್‌ನ ಆಯ್ಕೆಗಳ ಪಟ್ಟಿ), ಕಂಪೈಲರ್‌ನ ಯಾವ ಆವೃತ್ತಿ. ಅದೇ ಬಿಲ್ಡನ್ನು ನಾವೂ ನಮ್ಮಲ್ಲಿ ಮಾಡಿ ನೋಡಲು ಬೇಕಾದ ದಾರಿ. ಈ ತಕರಾರನ್ನು ಬೇರೆ ಕಮಿಟ್‌ನಲ್ಲಿ ಸರಿಪಡಿಸಿದರೆ ಯಾವ ಸಾಲು ಸೇರಿಸಿ ರೋಬೋಟ್‌ಗೆ ಮನ್ನಣೆ ಕೊಡಬೇಕು, ಅದೇ ಪ್ಯಾಚ್‌ನ ಹೊಸ ಆವೃತ್ತಿಯಾದರೆ ಅದು ಬೇಕಿಲ್ಲ ಅನ್ನುವುದೂ ಅಲ್ಲೇ ಇದೆ. ಕೊನೆಗೆ ಎಚ್ಚರಿಕೆಗಳು, ಹೊಸದಾಗಿ ಹುಟ್ಟಿದವುಗಳ ಮುಂದೆ ಎರಡು ಬಾಣದ ಗುರುತು. ಅದರ ಕೆಳಗೆ ಅವನದೇ ಕೋಡ್‌ನ ತುಣುಕು, ಸಾಲಿನ ಸಂಖ್ಯೆ ಸಮೇತ. ಇಷ್ಟು ನೀಟಾಗಿ ತಪ್ಪು ತೋರಿಸಿಕೊಡುವ ಮೇಷ್ಟ್ರು ಎಲ್ಲರಿಗೂ ಸಿಗುವುದಿಲ್ಲ.

ಬಾಣದ ಗುರುತಿದ್ದ ಸಾಲು ಸ್ಪಾರ್ಸ್‌ನದು. ಸ್ಪಾರ್ಸ್ ಅಂದರೆ ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ 2003ರಲ್ಲಿ ಶುರು ಮಾಡಿದ ವಿಶ್ಲೇಷಕ. ಕೋಡನ್ನು ಓಡಿಸುವುದಿಲ್ಲ, ಬರೀ ಓದಿ ಅನುಮಾನ ಹೇಳುತ್ತದೆ. ಅದು ಹೇಳಿದ್ದು ‘ಕಾಸ್ಟ್ ಟು ರಿಸ್ಟ್ರಿಕ್ಟೆಡ್ ಬಿಇ16’.

ವಿಷಯ ಇಷ್ಟು. ಸೆನ್ಸರ್ ಪ್ರತಿ ಅಳತೆಯನ್ನು ಎರಡು ಬೈಟ್‌ಗಳಲ್ಲಿ ಕಳಿಸುತ್ತದೆ, ದೊಡ್ಡ ಬೈಟ್ ಮೊದಲು. ಇದು ಬಿಗ್ ಎಂಡಿಯನ್ ಕ್ರಮ. ಅವನ ಲ್ಯಾಪ್‌ಟಾಪ್, ಗೋದಾಮಿನ ಬೋರ್ಡ್ ಎರಡೂ ಲಿಟ್ಲ್ ಎಂಡಿಯನ್, ಸಣ್ಣ ಬೈಟನ್ನು ಮೊದಲು ಇಟ್ಟುಕೊಳ್ಳುವಂಥವು. ಹುಡುಗ ಬೈಟ್‌ಗಳನ್ನು ಸಾದಾ 16 ಬಿಟ್ಟಿನ ವೇರಿಯಬಲ್‌ಗೆ ತುಂಬಿ, ಆಮೇಲೆ ‘ಬಿಗ್ ಎಂಡಿಯನ್‌ನಿಂದ ಈ ಸಿಪಿಯು ಕ್ರಮಕ್ಕೆ’ ತರುವ ಕರ್ನಲ್‌ನ ಫಂಕ್ಷನ್ ಕರೆದಿದ್ದ. ಲೆಕ್ಕ ಸರಿ. ಉತ್ತರವೂ ಸರಿ. ತೊಡಕು ಎಲ್ಲಿ ಅಂದರೆ, ಆ ವೇರಿಯಬಲ್‌ನಲ್ಲಿ ಇರುವುದು ಹೊರಗಿನ ಕ್ರಮದ ಅಂಕಿ ಅಂತ ಕೋಡ್ ಎಲ್ಲೂ ಹೇಳಿಲ್ಲ. ಕರ್ನಲ್‌ನಲ್ಲಿ ಅದಕ್ಕೇ ಬೇರೆ ಟೈಪ್ ಇದೆ, ಬಿಇ16, ಅಂದರೆ ಬಿಗ್ ಎಂಡಿಯನ್ 16 ಬಿಟ್. ಆ ಟೈಪಿನಲ್ಲಿ ಘೋಷಿಸಿದ್ದನ್ನು ಯಾರಾದರೂ ತಿರುವದೆ ನೇರ ಲೆಕ್ಕಕ್ಕೆ ಬಳಸಿದರೆ ಸ್ಪಾರ್ಸ್ ಹಿಡಿಯುತ್ತದೆ. ಘೋಷಿಸದಿದ್ದರೆ ಆ ಕಾವಲು ಇಲ್ಲ.

“ಉತ್ತರ ಸರಿ ಅದಾ ಅಂದಮ್ಯಾಲ ಮತ್ಯಾಕ್ರಿ ಸರ್?” ಅಂದ. ಜೊತೆಗೆ ಎರಡು ಉಪಾಯ ಮುಂದಿಟ್ಟ. ಮೊದಲನೆಯದು ‘ಫೋರ್ಸ್’ ಅಂತ ಕಾಸ್ಟ್ (ಟೈಪ್ ಬದಲಿಸುವ ಸೂಚನೆ) ಹಾಕಿ ಸ್ಪಾರ್ಸ್‌ನ ಬಾಯಿ ಮುಚ್ಚಿಸುವುದು. ಎರಡನೆಯದು ಆ ಫಂಕ್ಷನ್ ತೆಗೆದು, ಬೈಟ್‌ಗಳನ್ನು ಸುಮ್ಮನೆ ಅದಲು ಬದಲು ಮಾಡುವ ಸ್ವ್ಯಾಬ್16 ಬಳಸುವುದು. ಅವನು ರಾತ್ರಿಯೇ ಎರಡನೆಯದನ್ನು ಹಚ್ಚಿ ನೋಡಿದ್ದ. ಎಚ್ಚರಿಕೆ ಮಾಯವಾಗಿತ್ತು, ರೀಡಿಂಗ್ ಹಾಗೇ ಇತ್ತು.

ನಾನು ಆ ದಿನ ಅತಿ ಹೆಚ್ಚು ಹೊತ್ತು ಕಳೆದದ್ದು ಈ ಎರಡನೇ ಉಪಾಯದ ಮೇಲೆ. ಒಂದು ಹಾಳೆ ತೆಗೆದುಕೊಂಡು ಬರೆಸಿದೆ. ಸೆನ್ಸರ್‌ನಿಂದ 32768 ಬರಬೇಕಿದೆ ಅನ್ನು, ಅಳತೆಪಟ್ಟಿಯ ನಟ್ಟನಡುವಿನ ಅಂಕಿ. ಬೈಟ್‌ಗಳು ಹದಿನಾರರ ಲೆಕ್ಕದಲ್ಲಿ 80, ಆಮೇಲೆ 00. ನಿನ್ನ ಲ್ಯಾಪ್‌ಟಾಪ್ ಇದನ್ನು ತಿರುವುಮುರುವಾಗಿ 128 ಅಂತ ಓದುತ್ತದೆ. ಸ್ವ್ಯಾಬ್ ಅದನ್ನು 32768 ಮಾಡುತ್ತದೆ, ಸರಿ. ಈಗ ಇದೇ ಡ್ರೈವರ್ ಬಿಗ್ ಎಂಡಿಯನ್ ಯಂತ್ರದಲ್ಲಿ ಓಡಲಿ. ಅದು ಮೊದಲೇ 32768 ಅಂತ ಸರಿಯಾಗಿ ಓದಿಕೊಂಡಿದೆ. ಸ್ವ್ಯಾಬ್ ಅಲ್ಲೂ ತಿರುವುತ್ತದೆ, 128 ಕೊಡುತ್ತದೆ. ಅರ್ಧ ತೇವ ತುಂಬಿದ ಗೋದಾಮು ಒಣಗಿ ಬೂದಿಯಾಗಿದೆ ಅಂತ ವರದಿ ಹೋಗುತ್ತದೆ. ಅವನು ಮೊದಲು ಬರೆದ ಕೋಡ್ ಎರಡೂ ಕಡೆ ಸರಿ, ಅದಕ್ಕೆ ಎಚ್ಚರಿಕೆ ಬಂತು. ರಾತ್ರಿ ಬದಲಿಸಿದ್ದು ಒಂದು ಕಡೆ ತಪ್ಪು, ಅದಕ್ಕೆ ಎಚ್ಚರಿಕೆಯೇ ಇಲ್ಲ. ಹುಡುಗ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ಇನ್ನೊಂದು ಅಂಕಿ ಹಾಕಿ ತಾನೇ ಲೆಕ್ಕ ಮಾಡಿದ. ಸ್ವ್ಯಾಬ್ ಅಳಿಸಿದ.

ಸರಿಪಡಿಸಲು ಬೇಕಾಗಿದ್ದು ಒಂದು ಪದ. ವೇರಿಯಬಲ್‌ನ ಟೈಪ್ ಬಿಇ16 ಅಂತ ಬದಲಿಸಿದ, ಸ್ಪಾರ್ಸ್ ಒಪ್ಪಿತು. ಎಚ್ಚರಿಕೆ ಬಂದಾಗ ಅದನ್ನು ಸುಮ್ಮನಾಗಿಸುವುದು ಹೇಗೆ ಅಂತ ಹುಡುಕುವುದು ಬೇರೆ, ಅದು ಏನು ಕೇಳುತ್ತಿದೆ ಅಂತ ಓದುವುದು ಬೇರೆ. ಈ ಎರಡರ ನಡುವಿನ ಅಂತರವನ್ನು ಯಾವ ಪರಿಕರವೂ ಹಿಡಿಯಲಾರದು. ದಾಲ್ ಮಿಲ್ಲಿನಲ್ಲಿ ಬೇಳೆ ಆರಿಸುವ ಹೆಂಗಸರು ಅನುಮಾನ ಬಂದ ಕಾಳನ್ನು ಬದಿಗೆ ಸರಿಸುತ್ತಾರಲ್ಲ, ಸ್ಪಾರ್ಸ್ ಮಾಡುವುದೂ ಅಷ್ಟೇ. ಅದು ಹರಳೋ ಬೇಳೆಯೋ ಅಂತ ಕೈಗೆತ್ತಿಕೊಂಡು ನೋಡಬೇಕಾದವರು ನಾವು.

ನೋಡಿದರೆ ಸಾಲದು ಅನ್ನುವುದಕ್ಕೆ ಅವನಿಗೆ 2009ರ ಒಂದು ಪ್ರಕರಣ ಹೇಳಿದೆ. ಕರ್ನಲ್‌ನ ಟನ್ ಅನ್ನುವ ನೆಟ್‌ವರ್ಕ್ ಡ್ರೈವರ್‌ನಲ್ಲಿ ಒಂದು ಪಾಯಿಂಟರ್ (ಮೆಮೊರಿಯ ವಿಳಾಸ ಹಿಡಿದ ವೇರಿಯಬಲ್) ಖಾಲಿ ಇದೆಯೇ ಅನ್ನುವ ತಪಾಸಣೆ ಇತ್ತು. ಓದುವವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಆದರೆ ತಪಾಸಣೆಗಿಂತ ಸ್ವಲ್ಪ ಮೇಲೆ ಅದೇ ಪಾಯಿಂಟರ್ ಬಳಕೆಯಾಗಿತ್ತು. ಬಳಸಿದ್ದಾರೆ ಅಂದಮೇಲೆ ಖಾಲಿ ಇರಲಾರದು ಅಂತ ಕಂಪೈಲರ್ ತರ್ಕ ಹೂಡಿ ತಪಾಸಣೆಯನ್ನೇ ತೆಗೆದುಹಾಕಿತು. ಅದು ಭದ್ರತೆಯ ದೊಡ್ಡ ತೂತಾಯಿತು. ಆಮೇಲೆ ಕರ್ನಲ್ ಬಿಲ್ಡ್‌ನಲ್ಲಿ ಕಂಪೈಲರ್‌ಗೆ ಹಾಗೆ ಮಾಡಬೇಡ ಅಂತ ಹೇಳುವ ಆಯ್ಕೆಯನ್ನೇ ಸೇರಿಸಿದರು. ಡ್ಯಾನ್ ಕಾರ್ಪೆಂಟರ್ ಅವರ ಸ್ಮ್ಯಾಚ್ ಅನ್ನುವ ವಿಶ್ಲೇಷಕ ಇಂಥದ್ದನ್ನು ‘ತಪಾಸಣೆಗೆ ಮುಂಚೆ ಬಳಕೆ’ ಅಂತ ಎತ್ತಿ ತೋರಿಸುತ್ತದೆ.

ಊಟ ಮಾಡಿ ಬರುವಷ್ಟರಲ್ಲಿ ಇನ್ನೊಂದು ಕಾಗದ ಬಂದಿತ್ತು. ಇದು ಎಚ್ಚರಿಕೆಯಲ್ಲ, ಬಿಲ್ಡೇ ನಿಂತುಹೋಗಿತ್ತು. 32 ಬಿಟ್ಟಿನ ಆರ್ಮ್ ಪ್ರೊಸೆಸರ್‌ಗೆ, ರ್‍ಯಾಂಡ್‌ಕಾನ್ಫಿಗ್‌ನಲ್ಲಿ. ಕರ್ನಲ್‌ನಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಆಯ್ಕೆಗಳಿವೆ. ಯಾವುದನ್ನು ಹಚ್ಚಿ, ಯಾವುದನ್ನು ಬಿಟ್ಟು ಬಿಲ್ಡ್ ಮಾಡಬೇಕು ಅನ್ನುವ ಎಲ್ಲ ಜೋಡಿಗಳನ್ನೂ ಯಾರೂ ನೋಡಿ ಮುಗಿಸಲಾರರು. ಅದಕ್ಕೇ ಯಂತ್ರ ಮನಬಂದಂತೆ ಆಯ್ದು ನೋಡುತ್ತಿರುತ್ತದೆ, ಅದೇ ರ್‍ಯಾಂಡ್‌ಕಾನ್ಫಿಗ್.

ಸೆನ್ಸರ್ ಚಿಪ್‌ನೊಳಗೇ ಎರಡು ಮಾಪನ ಬಿಂದುಗಳು ಬರೆದಿರುತ್ತವೆ. ಅವುಗಳ ನಡುವಿನ ಗೆರೆಯ ಮೇಲೆ ಈಗಿನ ಅಳತೆ ಎಲ್ಲಿ ಬೀಳುತ್ತದೆ ಅಂತ ಡ್ರೈವರ್ ಲೆಕ್ಕ ಹಾಕಬೇಕು, ಅಂದರೆ ಒಂದು ಗುಣಾಕಾರ, ಒಂದು ಭಾಗಾಕಾರ. 16 ಬಿಟ್ಟಿನ ಅತಿ ದೊಡ್ಡ ಅಂಕಿ 65,535ನ್ನು 1,00,000ದಿಂದ ಗುಣಿಸಿದರೆ 655 ಕೋಟಿ ದಾಟುತ್ತದೆ. ಧನ, ಋಣ ಎರಡನ್ನೂ ಹಿಡಿಯುವ 32 ಬಿಟ್ಟಿನ ಸಂಖ್ಯೆ 214 ಕೋಟಿಗೇ ಮುಗಿಯುತ್ತದೆ. ಹಾಗಾಗಿ ಹುಡುಗ 64 ಬಿಟ್ ಬಳಸಿದ್ದು ಸರಿಯೇ. ಆದರೆ 32 ಬಿಟ್ಟಿನ ಆರ್ಮ್‌ಗೆ 64 ಬಿಟ್ಟಿನ ಭಾಗಾಕಾರ ನೇರವಾಗಿ ಬಾರದು. ಸಾಮಾನ್ಯ ಪ್ರೋಗ್ರಾಂ ಆದರೆ ಕಂಪೈಲರ್ ತನ್ನ ಲೈಬ್ರರಿಯಿಂದ ಒಂದು ಫಂಕ್ಷನ್ ತಂದು ಹಾಕುತ್ತದೆ. ಕರ್ನಲ್‌ನಲ್ಲಿ ಆ ಲೈಬ್ರರಿಗೆ ಬೇಕೆಂದೇ ಜಾಗ ಕೊಟ್ಟಿಲ್ಲ, ಇಷ್ಟು ದುಬಾರಿ ಲೆಕ್ಕ ಯಾರ ಗಮನಕ್ಕೂ ಬಾರದೆ ಒಳನುಸುಳಬಾರದು ಅಂತ. ಬೇಕಾದವರು ಡಿವ್ ಎಸ್64 ಅನ್ನುವ ಫಂಕ್ಷನ್ನನ್ನು ಹೆಸರಿಟ್ಟು ಕರೆಯಬೇಕು.

“ನಮ್ಮ ಹತ್ರ ಅಂಥ ಬೋರ್ಡೇ ಇಲ್ಲಲ್ರಿ ಸರ್, ನಮಗ ಹ್ಯಾಂಗ ಗೊತ್ತಾಗ್ಬೇಕು?” ಅಂದ.

ಇದಕ್ಕೇ ನಾನು ಈ ಯಂತ್ರವನ್ನು ಇಷ್ಟು ಗೌರವದಿಂದ ಕಾಣುವುದು. ನಮ್ಮ ಓಣಿಯಲ್ಲಿ ಐಬಿಎಂನ ಎಸ್390 ಮೇನ್‌ಫ್ರೇಮ್ ಇಲ್ಲ, ಸ್ಪಾರ್ಕ್ ಪ್ರೊಸೆಸರ್‌ನ ಯಂತ್ರ ಇಲ್ಲ, ಪ್ರತಿ ಕಂಪೈಲರ್‌ನ ಹಳೆ ಹೊಸ ಆವೃತ್ತಿಗಳನ್ನು ಸಾಲಾಗಿ ಓಡಿಸುವ ಶಕ್ತಿ ಇಲ್ಲ. ಒಂದು ಲ್ಯಾಪ್‌ಟಾಪ್ ಇದೆ, ಮಳೆ ಗುಡುಗಿದರೆ ಹೋಗುವ ಕರೆಂಟ್ ಇದೆ. ದೊಡ್ಡ ಕಂಪನಿಯ ಲ್ಯಾಬಿನಲ್ಲಿ ಕೂತವರ ಪ್ಯಾಚ್‌ಗೆ ಯಾವ ಪರೀಕ್ಷೆಯೋ ಕಲಬುರಗಿಯ ಈ ಹುಡುಗನ ಪ್ಯಾಚ್‌ಗೂ ಅದೇ ಪರೀಕ್ಷೆ, ಅಷ್ಟೇ ವಿವರವಾದ ಉತ್ತರ. ಅವನನ್ನು ಯಾವ ಊರು, ಯಾವ ಕಾಲೇಜು ಅಂತ ಅದು ಕೇಳಲಿಲ್ಲ.

ಭಾಗಾಕಾರದ ಸಾಲು ಬದಲಿಸುವಾಗ ಹುಡುಗ ಥಟ್ಟನೆ ಕೈ ನಿಲ್ಲಿಸಿದ. ಚಿಪ್ ಕೆಟ್ಟು ಎರಡೂ ಮಾಪನ ಬಿಂದುಗಳಿಗೆ ಒಂದೇ ಅಂಕಿ ಕೊಟ್ಟರೆ ಏನು ಗತಿ ಅಂತ ಕೇಳಿದ. ವ್ಯತ್ಯಾಸ ಸೊನ್ನೆ, ಸೊನ್ನೆಯಿಂದ ಭಾಗಾಕಾರ, ಅದೂ ಕರ್ನಲ್‌ನೊಳಗೆ. ರೋಬೋಟ್ ಇದನ್ನು ಹೇಳಿರಲಿಲ್ಲ. ಸ್ಪಾರ್ಸ್ ಹೇಳಿರಲಿಲ್ಲ. ನಾವು ಸ್ಮ್ಯಾಚ್ ಓಡಿಸಿದೆವು, ಅದೂ ಹೇಳಲಿಲ್ಲ. ನನಗೂ ಹೊಳೆದಿರಲಿಲ್ಲ. ಯಂತ್ರ ಬೆರಳಿಟ್ಟು ತೋರಿಸಿದ ಸಾಲನ್ನು ನಿಧಾನವಾಗಿ ಓದಿದ್ದಕ್ಕೆ ಅವನಿಗೆ ಕಂಡಿತ್ತು. ಡ್ರೈವರ್ ಶುರುವಾಗುವಾಗಲೇ ಬಿಂದುಗಳನ್ನು ಪರೀಕ್ಷಿಸಿ, ಒಂದೇ ಇದ್ದರೆ ದೋಷ ತಿಳಿಸಿ ಹಿಂತಿರುಗುವ ಮೂರು ಸಾಲು ಸೇರಿಸಿದ.

ಎಲ್ಲ ಎಚ್ಚರಿಕೆಗೂ ತಲೆಬಾಗಬೇಕು ಅಂತ ನಾನು ಅವನಿಗೆ ಕಲಿಸಲಿಲ್ಲ. ಸುಳ್ಳು ಎಚ್ಚರಿಕೆಗಳ ಗದ್ದಲದಲ್ಲಿ ನಿಜವಾದದ್ದು ಮುಳುಗಿಹೋಗುತ್ತದೆ. ವೇರಿಯಬಲ್‌ಗೆ ಬೆಲೆ ಕೊಡದೆ ಬಳಸಿರಬಹುದು ಅನ್ನುವ ಜಿಸಿಸಿ ಕಂಪೈಲರ್‌ನ ಎಚ್ಚರಿಕೆ ಇದೇ ಕಾರಣಕ್ಕೆ ಭಾರವಾಗಿ, 2020ರಲ್ಲಿ ಟೊರ್ವಾಲ್ಡ್ಸ್ ಅದನ್ನು ಸಾಮಾನ್ಯ ಬಿಲ್ಡ್‌ನಿಂದ ತೆಗೆದರು. ಮರುವರ್ಷವೇ, ಕರ್ನಲ್‌ನ 5.15ನೇ ಆವೃತ್ತಿಯ ಹೊತ್ತಿಗೆ, ಎಚ್ಚರಿಕೆ ಬಂದರೆ ಬಿಲ್ಡನ್ನೇ ನಿಲ್ಲಿಸುವ ಆಯ್ಕೆಯನ್ನು ತಂದವರೂ ಅವರೇ. ಎರಡೂ ಒಂದೇ ಕಾಳಜಿಯಿಂದ ಬಂದವು ಅಂತ ನನ್ನ ತಿಳಿವಳಿಕೆ: ಉಳಿದ ಎಚ್ಚರಿಕೆ ನಂಬಿಕೆಗೆ ಅರ್ಹವಾಗಿರಬೇಕು, ನಂಬಿದ್ದನ್ನು ಬಾಕಿ ಇಡಬಾರದು. ಬಾಯಿ ಮುಚ್ಚಿಸಲು ವೇರಿಯಬಲ್‌ಗೆ ಸುಮ್ಮನೆ ಸೊನ್ನೆ ತುಂಬುವ ಅಭ್ಯಾಸ ಮಾತ್ರ ನನಗೆ ಒಪ್ಪಿಗೆಯಿಲ್ಲ. ಮುಂದೆ ಯಾರಾದರೂ ನಿಜವಾಗಿಯೂ ಬೆಲೆ ಕೊಡಲು ಮರೆತರೆ ಆ ಸೊನ್ನೆ ಅದನ್ನು ಮುಚ್ಚಿಬಿಡುತ್ತದೆ.

ಸಂಜೆ ಹೊಸ ಆವೃತ್ತಿ ಕಳಿಸುವ ಮೊದಲು ಮನೆಯಲ್ಲೇ ಏನೇನು ನೋಡಬಹುದೋ ನೋಡಿದೆವು. ಬಿಲ್ಡ್ ಆಜ್ಞೆಗೆ ಡಬ್ಲ್ಯೂ=1 ಸೇರಿಸಿದರೆ ಕಂಪೈಲರ್‌ನ ಹೆಚ್ಚುವರಿ ಎಚ್ಚರಿಕೆಗಳು, ಸಿ=1 ಸೇರಿಸಿದರೆ ಆಗ ಕಂಪೈಲ್ ಆಗುವ ಕಡತಗಳ ಮೇಲೆ ಸ್ಪಾರ್ಸ್, ಸಿ=2 ಅಂದರೆ ಎಲ್ಲ ಕಡತಗಳ ಮೇಲೂ. 32 ಬಿಟ್ಟಿನ ಆರ್ಮ್‌ಗೆ ಕ್ರಾಸ್ ಕಂಪೈಲರ್ ಹಾಕಿಕೊಳ್ಳುವುದು ಕಷ್ಟವೇನಲ್ಲ, ಅದನ್ನೂ ಹಾಕಿದ. ಪೂರ್ತಿ ಕರ್ನಲ್ ಬೇಡ, ತನ್ನ ಡ್ರೈವರ್ ಇರುವ ಡೈರೆಕ್ಟರಿ ಒಂದನ್ನೇ ಬಿಲ್ಡ್ ಮಾಡಿದರೆ ಬೇಗ ಮುಗಿಯುತ್ತದೆ ಅಂತ ತೋರಿಸಿಕೊಟ್ಟೆ.

ಕೆಲವು ವಾರದ ನಂತರ ಮತ್ತೆ ಬಂದ, ಈ ಸಲ ಮುಖದಲ್ಲಿ ಕಳೆ ಇತ್ತು. ಬೇರೆ ಯಾರೋ ಬರೆದ ಹಳೆ ಡ್ರೈವರ್‌ನಲ್ಲಿ ಅದೇ ಬಿಇ16 ಎಚ್ಚರಿಕೆ ಸಿಕ್ಕಿತ್ತು. “ಮಾಡ್ಲ್ಯಾ ಸರ್?” ಅಂದ. ಆ ಚಿಪ್ ಅವನ ಕೈಯಲ್ಲಿಲ್ಲ, ಓಡಿಸಿ ನೋಡುವ ಹಾಗಿಲ್ಲ. ಬರೀ ಟೈಪ್ ಬದಲಿಸಿದರೆ ಕಂಪೈಲರ್ ಹುಟ್ಟಿಸುವ ಯಂತ್ರಸಂಕೇತ ಬದಲಾಗಬಾರದು. ಬದಲಿಸುವ ಮುಂಚಿನ ಆಬ್ಜೆಕ್ಟ್ ಕಡತ, ನಂತರದ ಕಡತ ಎರಡನ್ನೂ ಹೋಲಿಸಿ ನೋಡು, ಒಂದಿಷ್ಟು ವ್ಯತ್ಯಾಸ ಬಂದರೂ ಕಳಿಸಬೇಡ ಅಂದೆ. ಅಲ್ಲೇ ಕೂತು ಎರಡನ್ನೂ ಬಿಚ್ಚಿ ಹೋಲಿಸಿದ. ಒಂದು ಬೈಟೂ ಬದಲಾಗಿರಲಿಲ್ಲ. ಅಷ್ಟನ್ನೂ ಪ್ಯಾಚ್‌ನ ವಿವರಣೆಯಲ್ಲಿ ಬರೆದು ಕಳಿಸಿದ.