ಪಾಲುಪಟ್ಟಿ, ಮೂರನೇ ಸಲ: ಎರಡು ಸಾಕೆಟ್ ಸರ್ವರ್ ಹಂಚುವ ಲೆಕ್ಕ

ವಾರ 1

ಇಷ್ಟು ದಿನ ಈ ಸರ್ವರ್‌ನಲ್ಲಿ ಎಲ್ಲ ಕೆಲಸವೂ ಒಂದೇ ಲಿನಕ್ಸ್ ಮೇಲೆ ನಡೆಯುತ್ತಿತ್ತು. ದೊಡ್ಡದೊಂದು ಕಂಪೈಲ್ (ಕೋಡ್‌ನಿಂದ ಪ್ರೋಗ್ರಾಂ ಕಟ್ಟುವ ಕೆಲಸ) ಶುರುವಾದರೆ ಸಾಕು, ಫೈಲ್ ಕಾಪಿ ನಿಂತು ನಿಂತು ಹೋಗುತ್ತಿತ್ತು. ನೆಟ್‌ವರ್ಕ್ ಕೂಡ ಎಳೆದಾಡುತ್ತಿತ್ತು. ಅದಕ್ಕೇ ಯಂತ್ರವನ್ನು ಪಾಲು ಮಾಡಿಬಿಡೋಣ ಅಂತ ಹೊರಟೆ. ಒಂದೊಂದು ಕೆಲಸಕ್ಕೂ ಅದರದೇ ಕೋರ್ (ಪ್ರೊಸೆಸರ್‌ನೊಳಗೆ ಕೆಲಸ ಮಾಡುವ ಘಟಕ), ಅದರದೇ ಮೆಮೊರಿ, ಅದರದೇ ಕಾರ್ಡ್. ಒಂದರದ್ದನ್ನು ಇನ್ನೊಂದು ಮುಟ್ಟುವಂತಿಲ್ಲ.

ಇದೇನೂ ಹೊಸ ಯೋಚನೆಯಲ್ಲ. ಐಬಿಎಂ 1988ರಲ್ಲೇ 3090 ಮೇನ್‌ಫ್ರೇಮ್‌ಗೆ ಲಾಜಿಕಲ್ ಪಾರ್ಟಿಷನ್ ತಂದಿತ್ತು. ಸನ್ ಕಂಪನಿಯ 1997ರ ಎಂಟರ್‌ಪ್ರೈಸ್ 10000ನಲ್ಲಿ 64 ಪ್ರೊಸೆಸರ್‌ವರೆಗೆ ಹಾಕಬಹುದಿತ್ತು, ಅವನ್ನು ಬೋರ್ಡ್ ಲೆಕ್ಕದಲ್ಲಿ ಹಂಚಬಹುದಿತ್ತು. ಅಷ್ಟೆಲ್ಲ ಗತ್ತು ನನ್ನ ಯಂತ್ರಕ್ಕಿಲ್ಲ. ಇಲ್ಲಿರುವುದು ಲಿನಕ್ಸ್ ಒಳಗೇ ವರ್ಚುವಲ್ ಯಂತ್ರ ಓಡಿಸುವ ಕೆವಿಎಂ, ಒಂದೊಂದು ವರ್ಚುವಲ್ ಯಂತ್ರವನ್ನೂ (ಅದೇ ಗೆಸ್ಟ್) ಗೊತ್ತಾದ ಕೋರ್‌ಗಳಿಗೆ ಕಟ್ಟಿಹಾಕುವ ಕೋರ್ ಪಿನ್ನಿಂಗ್, ಮತ್ತು ಕಾರ್ಡ್‌ಗಳನ್ನು ನೇರವಾಗಿ ಗೆಸ್ಟ್‌ಗೆ ಒಪ್ಪಿಸಲು ವಿಎಫ್‌ಐಒ.

ಕೈಯಲ್ಲಿರುವುದು ಇಷ್ಟು: ಎರಡು ಸಾಕೆಟ್‌ನಲ್ಲಿ (ಪ್ರೊಸೆಸರ್ ಕೂರುವ ಜಾಗ) ಎರಡು ಕ್ಸಿಯಾನ್ ಇ5-2680 ವಿ4 ಪ್ರೊಸೆಸರ್, ಒಂದೊಂದರಲ್ಲಿ 14 ಕೋರ್. 16 ಜಿಬಿಯ ಎಂಟು ಮೆಮೊರಿ ಸ್ಟಿಕ್, ಒಟ್ಟು 128 ಜಿಬಿ. ಎಂಟು ಹಾರ್ಡ್ ಡಿಸ್ಕ್, ಅವನ್ನು ಯಂತ್ರಕ್ಕೆ ಜೋಡಿಸುವ ಒಂದು ಎಚ್‌ಬಿಎ ಕಾರ್ಡ್. ಬೋರ್ಡ್ ಮೇಲೇ ಇರುವ ಐ350 ನೆಟ್‌ವರ್ಕ್ ಚಿಪ್.

ಮೊದಲ ಪಟ್ಟಿ ಹತ್ತು ನಿಮಿಷದಲ್ಲಿ ಮುಗಿಯಿತು. ಬಿಲ್ಡ್‌ಗೆ (ಕಂಪೈಲ್ ಕೆಲಸಕ್ಕೆ) 12 ಕೋರ್, 48 ಜಿಬಿ. ಸ್ಟೋರೇಜ್‌ಗೆ 4 ಕೋರ್, 32 ಜಿಬಿ. ಡೇಟಾಬೇಸ್ ಪರೀಕ್ಷೆಗೆ 6 ಕೋರ್, 32 ಜಿಬಿ. ರೂಟರ್‌ಗೆ 2 ಕೋರ್, 4 ಜಿಬಿ. ಇವನ್ನೆಲ್ಲ ಹೊತ್ತಿರುವ ಮೂಲ ಲಿನಕ್ಸ್‌ಗೆ, ಅಂದರೆ ಹೋಸ್ಟ್‌ಗೆ 2 ಕೋರ್, 8 ಜಿಬಿ. ಕೂಡಿದರೆ 26 ಕೋರ್, 124 ಜಿಬಿ. ಎರಡು ಕೋರ್, 4 ಜಿಬಿ ಮಿಗುತ್ತದೆ. ಇಷ್ಟು ಸುಲಭವಾ ಅನ್ನಿಸಿತು. ಆಗಲೇ ಅನುಮಾನ ಬರಬೇಕಿತ್ತು.

ವಾರ 2

ಯಾವ ಮೆಮೊರಿ ಯಾವ ಪ್ರೊಸೆಸರ್‌ಗೆ ಹತ್ತಿರ ಎಂದು ತೋರಿಸುವ ನ್ಯೂಮಾ ಸಿಟಿಎಲ್ ಓಡಿಸಿ ನೋಡಿದೆ. ಎರಡು ನೋಡ್ (ಒಂದು ಪ್ರೊಸೆಸರ್ ಮತ್ತು ಅದರ ಮೆಮೊರಿ ಸೇರಿ ಒಂದು ನೋಡ್), ತನ್ನ ಮೆಮೊರಿಗೆ ದೂರ 10, ಆಚೆ ಕಡೆಯ ಮೆಮೊರಿಗೆ 21. ಈ 21 ಅಂದರೆ ದುಪ್ಪಟ್ಟು ನಿಧಾನ ಅಂತಲ್ಲ. ಅದು ಬೋರ್ಡ್‌ನೊಳಗಿನ ಮೂಲ ಸಾಫ್ಟ್‌ವೇರ್ ಆದ ಫರ್ಮ್‌ವೇರ್ ಬರೆದಿಟ್ಟ ಅಂದಾಜು ಅಷ್ಟೆ. ಅಳೆದು ನೋಡಿದಾಗ ಆಚೆ ಕಡೆಗೆ ಹೋಗಿ ಬರಲು ಸುಮಾರು ಒಂದೂವರೆ ಪಟ್ಟು ಹೊತ್ತು ಹಿಡಿಯಿತು. ಆದರೂ ಅದೇನು ಕಡಿಮೆಯಲ್ಲ, ಅಲ್ವಾ?

ಅಂದರೆ ನನ್ನ ಹತ್ತಿರ 28 ಕೋರ್, 128 ಜಿಬಿಯ ಒಂದು ಯಂತ್ರ ಇಲ್ಲ. 14 ಕೋರ್, 64 ಜಿಬಿಯ ಎರಡು ಯಂತ್ರಗಳು ಬೆನ್ನಿಗೆ ಬೆನ್ನು ಅಂಟಿಕೊಂಡಿವೆ. ಹಳೆಯ ಹಾಳೆ ಹರಿದು, ಹೊಸದರ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದೆ. ಎಡಕ್ಕೆ ಮೊದಲ ಸಾಕೆಟ್, ಬಲಕ್ಕೆ ಎರಡನೆಯದು.

ಕಾರ್ಡ್‌ಗಳಿಗೂ ಕಡೆ ಇದೆ. ಪ್ರತಿ ಪ್ರೊಸೆಸರ್‌ನಿಂದ 40 ಪಿಸಿಐಇ ಲೇನ್ (ಕಾರ್ಡ್‌ಗಳ ಜೊತೆ ಡೇಟಾ ಓಡಾಡುವ ದಾರಿ) ಹೊರಡುತ್ತವೆ, ಯಾವ ಸ್ಲಾಟ್ ಯಾರದು ಎಂದು ಬೋರ್ಡ್‌ನ ಕೈಪಿಡಿಯಲ್ಲಿ ಬರೆದಿರುತ್ತದೆ. ಒಂದು ಪ್ರೊಸೆಸರ್ ತೆಗೆದರೆ ಅದರ ಸ್ಲಾಟ್‌ಗಳೂ ಸತ್ತ ಹಾಗೆಯೇ. ನನ್ನ ಬೋರ್ಡ್‌ನಲ್ಲಿ ಐ350 ಎಡದ ಪಾಲು, ಅದನ್ನು ಕಿತ್ತು ಬೇರೆಡೆ ಹಾಕಲಾಗದು. ಹಾಗಾಗಿ ರೂಟರ್ ಎಡಕ್ಕೇ ಬರಬೇಕು. ಬಿಲ್ಡ್ 12, ರೂಟರ್ 2, ಹೋಸ್ಟ್ 2. ಒಟ್ಟು 16, ಇರುವುದು 14. ಬಲಗಡೆ ತದ್ವಿರುದ್ಧ: ಸ್ಟೋರೇಜ್ ಮತ್ತು ಡೇಟಾಬೇಸ್ ಸೇರಿ ಹತ್ತೇ ಕೋರ್, ನಾಲ್ಕು ಸುಮ್ನೆ ಕೂತಿವೆ. ಆದರೆ ಮೆಮೊರಿ 32ಕ್ಕೆ 32 ಸೇರಿ 64, ಒಂದು ಚೂರೂ ಮಿಕ್ಕಿಲ್ಲ.

ಒಂದು ಕಡೆ ಕೋರ್ ಇಲ್ಲ, ಇನ್ನೊಂದು ಕಡೆ ಮೆಮೊರಿ ಇಲ್ಲ. ಒಟ್ಟು ಲೆಕ್ಕದಲ್ಲಿ ಮಾತ್ರ ಎಲ್ಲವೂ ಜಾಸ್ತಿ!

ವಾರ 3

64ಕ್ಕೆ 64 ಸರಿಹೋಯಿತಲ್ಲ ಎಂದು ಬಲಗಡೆ ಗೆಸ್ಟ್‌ಗಳಿಗೆಂದು 1 ಜಿಬಿಯ ಹ್ಯೂಜ್ ಪೇಜ್ (ಮೆಮೊರಿಯ ದೊಡ್ಡ ತುಂಡು) 64 ಕೇಳಿ ನೋಡಿದೆ. ಕೊಡಲಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್, ಮೆಮೊರಿಯ ಪ್ರತಿ 4 ಕೆಬಿ ಪುಟಕ್ಕೆ 64 ಬೈಟ್‌ನ ಲೆಕ್ಕ ಇಡುತ್ತದೆ. ಅಂದರೆ 64ರಲ್ಲಿ ಒಂದು ಭಾಗ. 64 ಜಿಬಿಗೆ 1 ಜಿಬಿ ಅದಕ್ಕೇ ಹೋಯಿತು. ಅದರ ಮೇಲೆ ಫರ್ಮ್‌ವೇರ್ ಹಿಡಿದಿಟ್ಟ ಜಾಗ ಬೇರೆ. ತಮಾಷೆ ಅಂದರೆ ಐಬಿಎಂನ ಪವರ್5 ಯಂತ್ರಗಳಲ್ಲೂ ಇದೇ 64ರ ಲೆಕ್ಕ ಬರುತ್ತದೆ. ಪ್ರತಿ ಪಾಲಿಗೆ ನಾವು ಬರೆದ ಗರಿಷ್ಠ ಮೆಮೊರಿಯ 64ನೇ ಒಂದು ಭಾಗ ಪೇಜ್ ಟೇಬಲ್‌ಗೆ (ಯಾವ ಪುಟ ಎಲ್ಲಿದೆ ಎಂಬ ಪಟ್ಟಿ) ಮೀಸಲು. ಈಗ ಬಳಸುವ ಮೆಮೊರಿಯದಲ್ಲ, ಗರಿಷ್ಠದ್ದು. ಮುಂದೆ ಬೇಕಾದೀತು ಅಂತ ದೊಡ್ಡ ಅಂಕಿ ಬರೆದರೆ ಮೆಮೊರಿ ಇಂದೇ ಖಾಲಿ.

ಮೆಮೊರಿ ಸೇರಿಸೋಣ ಎಂದು 32 ಜಿಬಿಯ ಎರಡು ಸ್ಟಿಕ್ ತಂದೆ. ಇದು ನನ್ನದೇ ದಡ್ಡತನ, ಯಾರನ್ನೂ ದೂರುವಂತಿಲ್ಲ. ಸರ್ವರ್ ಮೆಮೊರಿ ಸ್ಟಿಕ್‌ನಲ್ಲಿ ಬೇರೆ ಬೇರೆ ಬಗೆ ಇವೆ. ಮೊದಲಿದ್ದವು ಆರ್‌ಡಿಮ್, ತಂದದ್ದು ಎಲ್‌ಆರ್‌ಡಿಮ್. ಇವೆರಡನ್ನೂ ಒಂದೇ ಯಂತ್ರದಲ್ಲಿ ಬೆರೆಸುವ ಹಾಗಿಲ್ಲ. ಫ್ಯಾನ್ ಜೋರಾಗಿ ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಇನ್ನೂ ಒಂದು ಮಾತು: ಆರ್‌ಡಿಮ್ ಆಗಿದ್ದರೂ ಎರಡು ಸ್ಟಿಕ್ ಸೇರಿಸುವುದು ಒಳ್ಳೆಯದಲ್ಲ. ಒಂದೊಂದು ಪ್ರೊಸೆಸರ್‌ಗೆ ನಾಲ್ಕು ಮೆಮೊರಿ ಚಾನೆಲ್, ಅಂದರೆ ಮೆಮೊರಿಗೆ ಹೋಗುವ ನಾಲ್ಕು ದಾರಿ. ಸೇರಿಸುವುದಾದರೆ ನಾಲ್ಕಕ್ಕೂ ಸಮನಾಗಿ ಸೇರಿಸಬೇಕು, ಇಲ್ಲವಾದರೆ ಕೆಲವು ಚಾನೆಲ್‌ಗಳ ಮೇಲೆ ಹೊರೆ ಜಾಸ್ತಿಯಾಗುತ್ತದೆ. ಸ್ಟಿಕ್ ಎರಡನ್ನೂ ವಾಪಸ್ ಕೊಟ್ಟೆ.

ಕೊನೆಗೆ ಕೊಳ್ಳುವುದು ಬಿಟ್ಟು ಕತ್ತರಿ ಹಾಕಿದೆ. ಬಿಲ್ಡ್ 12ರಿಂದ 10 ಕೋರ್‌ಗೆ ಇಳಿಯಿತು. ಎಡಗಡೆ ಈಗ 14ಕ್ಕೆ 14, ಮೆಮೊರಿ 60. ಸ್ಟೋರೇಜ್ 32ರಿಂದ 24 ಜಿಬಿಗೆ ಇಳಿಯಿತು. ಬಲಗಡೆ 56, ಉಸಿರಾಡಲು 8 ಜಿಬಿ.

ವಾರ 4

ಎಚ್‌ಬಿಎ ಇದ್ದದ್ದು ಎಡದ ಸ್ಲಾಟ್‌ನಲ್ಲಿ, ಸ್ಟೋರೇಜ್ ಇರುವುದು ಬಲದಲ್ಲಿ. ಕಾರ್ಡ್ ಬದಲಿಸಲು ಹೋದರೆ ಡಿಸ್ಕ್ ಕೇಬಲ್ ನಾಲ್ಕು ಬೆರಳು ಗಿಡ್ಡ. ಉದ್ದದ ಕೇಬಲ್ ಹಾಕಿ ಮುಗಿಸುವಷ್ಟರಲ್ಲಿ ಇನ್ನೊಂದು ತೊಂದರೆ. ಸ್ಲಾಟ್ ಬದಲಾದರೆ ಕಾರ್ಡ್‌ನ ವಿಳಾಸವೂ ಬದಲು. 03ರಲ್ಲಿದ್ದದ್ದು 82ಕ್ಕೆ ಹೋಯಿತು. ನಾನು ವಿಎಫ್‌ಐಒಗೆ ಹಳೆಯ ವಿಳಾಸ ಬರೆದಿಟ್ಟಿದ್ದೆ, ಅದು ಕಾರ್ಡನ್ನು ಹಿಡಿಯಲೇ ಇಲ್ಲ. ಹೋಸ್ಟ್ ಬಂದು ಎಂಟೂ ಡಿಸ್ಕ್‌ಗಳನ್ನು ತನ್ನದು ಮಾಡಿಕೊಂಡಿತ್ತು. ಏನೂ ಬರೆಯುವ ಮೊದಲೇ ಗಮನಿಸಿದೆ, ಬಚಾವ್.

ಹಾಗಂತ ಎಲ್ಲವನ್ನೂ ಗೆರೆಯ ಒಂದೇ ಕಡೆ ಇಡಬೇಕೆಂಬ ಹಟ ಬೇಡ. ಐ350ನ ಪ್ರತಿ ಪೋರ್ಟ್‌ನಿಂದ 7 ವರ್ಚುವಲ್ ಕಾರ್ಡ್ ಮಾಡಬಹುದು, ಅದರಲ್ಲಿ ಒಂದನ್ನು ಬಲಗಡೆಯ ಸ್ಟೋರೇಜ್‌ಗೆ ಕೊಟ್ಟಿದ್ದೇನೆ. ಗಿಗಾಬಿಟ್ ಅಂದರೆ ಸೆಕೆಂಡಿಗೆ 125 ಎಂಬಿ. ಸಾಕೆಟ್ ನಡುವಿನ ಸೇತುವೆಗೆ ಅದು ಲೆಕ್ಕಕ್ಕೇ ಇಲ್ಲ.

ಇಲ್ಲಿ ಒಂದೊಂದು ಕೋರ್ ಲಿನಕ್ಸ್‌ಗೆ ಎರಡಾಗಿ ಕಾಣುತ್ತದೆ, ಅವೇ ಥ್ರೆಡ್. ಕೋರ್ ಎಣಿಸುವಾಗ ಥ್ರೆಡ್ ಎಣಿಸಬಾರದು. ನನ್ನಲ್ಲಿ 0 ಮತ್ತು 28 ಒಂದೇ ಕೋರ್‌ನ ಎರಡು ಥ್ರೆಡ್. 0 ಒಂದು ಪಾಲಿಗೆ, 28 ಇನ್ನೊಂದಕ್ಕೆ ಹೋದರೆ ಪಾಲು ಮಾಡಿಯೂ ಮಾಡದ ಹಾಗೆ. ಈ ಸಂಖ್ಯೆಗಳು ಎಲ್ಲ ಬೋರ್ಡ್‌ನಲ್ಲೂ ಒಂದೇ ಇರುವುದಿಲ್ಲ, ಕರ್ನಲ್ ಕೊಡುವ ಜೋಡಿ ಪಟ್ಟಿ ನೋಡಿಯೇ ಬರೆದುಕೊಂಡೆ.

ಪಾಲಾಗದೆ ಉಳಿದದ್ದೂ ಇದೆ. ಒಂದು ಸಾಕೆಟ್‌ನ 35 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್‌ನೊಳಗೇ ಇರುವ ವೇಗದ ಮೆಮೊರಿ) ಅದರ ಎಲ್ಲ ಕೋರ್‌ಗಳಿಗೂ ಸೇರಿದ್ದು. ಬಿಲ್ಡ್ ಓಡುವಾಗ ರೂಟರ್‌ನ ಕ್ಯಾಶ್ ಗುಡಿಸಿಹಾಕುತ್ತದೆ. ಈ ಪ್ರೊಸೆಸರ್‌ನಲ್ಲಿ ಕ್ಯಾಶ್‌ಗೂ ಬೇಲಿ ಹಾಕುವ ಸೌಲಭ್ಯ ಇದೆ, ಲಿನಕ್ಸ್‌ನಲ್ಲಿ 4.10ರಿಂದ ಬೆಂಬಲವಿದೆ. ಅದನ್ನಿನ್ನೂ ಮುಟ್ಟಿಲ್ಲ.

ಪವರ್ ಸಪ್ಲೈ ಎರಡಿವೆ, ತಲಾ 750 ವಾಟ್. ಅದನ್ನು 1500 ಎಂದು ಬರೆದುಕೊಂಡರೆ ಎರಡು ಇಟ್ಟುಕೊಂಡದ್ದೇ ದಂಡ, ಒಂದು ಕೆಟ್ಟರೆ ಇನ್ನೊಂದು ಪೂರ್ತಿ ಹೊರಬೇಕು. ಪ್ರೊಸೆಸರ್ ಎರಡಕ್ಕೆ 240, ಉಳಿದದ್ದನ್ನೂ ಸೇರಿಸಿದರೆ ಒಟ್ಟು 400ರ ಆಸುಪಾಸು. ಹೆದರಿಕೆ ಇದ್ದದ್ದು ಡಿಸ್ಕ್‌ಗಳು ಒಟ್ಟಿಗೇ ತಿರುಗಲು ಶುರುಮಾಡುವ ಕ್ಷಣಕ್ಕೆ. ಒಂದಕ್ಕೆ 25 ವಾಟ್ ಹಿಡಿದರೂ 200. ಆ ಹೊತ್ತಿಗೆ ಪ್ರೊಸೆಸರ್ ಬಿಡುವಾಗಿರುತ್ತದೆ, ಸಾಲುತ್ತದೆ. ಆದರೂ ಎಚ್‌ಬಿಎಯಲ್ಲಿ ಒಂದಾದ ಮೇಲೊಂದು ಶುರುವಾಗುವಂತೆ ಹಾಕಿದೆ.

ನಿನ್ನೆ ರಾತ್ರಿ ನಾಲ್ಕೂ ಪಾಲು ಮೇಲೆದ್ದವು. ಬಿಲ್ಡ್ ಓಡಿಸಿ ಆಚೆಯಿಂದ ಒಂದು ದೊಡ್ಡ ಫೈಲ್ ಕಾಪಿಗೆ ಹಾಕಿದೆ, ಎಲ್ಲೂ ನಿಲ್ಲಲಿಲ್ಲ. ಬಲಗಡೆಯ ಆ ನಾಲ್ಕು ಕೋರ್‌ಗಳ ಎದುರು ಹಾಳೆಯಲ್ಲಿ ಸದ್ಯಕ್ಕೆ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ.