ಹೆರಿಗೆ ಕೋಣೆಯಲ್ಲಿ ಜೊತೆಗಿರುವವರು

ಡೌಲಾ, ಅಂದರೆ ಹೆರಿಗೆಯ ಹೊತ್ತಿನಲ್ಲಿ ತಾಯಿಯ ಜೊತೆಗಿದ್ದು ಆಸರೆಯಾಗುವವಳು, ಎಂದೊಡನೆ ಅನೇಕ ಕುಟುಂಬಗಳಿಗೆ ಸೂಲಗಿತ್ತಿಯರ ನೆನಪಾಗುತ್ತದೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದ ನಾಡಿನಲ್ಲಿ ಅದು ಸಹಜವೇ. ಆದರೆ ಡೌಲಾ ಹೆರಿಗೆ ಮಾಡಿಸುವವಳಲ್ಲ. ಗರ್ಭಕಂಠ ಎಷ್ಟು ತೆರೆದಿದೆಯೆಂದು ನೋಡುವುದಾಗಲಿ, ಔಷಧಿ ಕೊಡುವುದಾಗಲಿ ವೈದ್ಯರ ಮತ್ತು ದಾದಿಯರ ಕೆಲಸ. ಬೇನೆ ಬಲಿತಾಗಿನಿಂದ ಮಗು ಮೊದಲ ಸಲ ಎದೆಹಾಲು ಕುಡಿಯುವವರೆಗೂ ತಾಯಿಯ ಪಕ್ಕದಿಂದ ಕದಲದೆ ಇರುವುದು ಡೌಲಾಗಳಾದ ನಮ್ಮ ಕೆಲಸ.

ಮಗುವಿನ ಬೆನ್ನು ತಾಯಿಯ ಬೆನ್ನಿನ ಕಡೆಗೆ ತಿರುಗಿದ್ದರೆ ನೋವು ಹೆಚ್ಚಾಗಿ ಸೊಂಟದಲ್ಲೇ ಕಾಣಿಸಿಕೊಳ್ಳುತ್ತದೆ. ಆಗ ಆಕೆಯನ್ನು ಮಂಚದ ಅಂಚು ಹಿಡಿದು ಮುಂದಕ್ಕೆ ಬಾಗಿ ನಿಲ್ಲಿಸಿ, ಬೇನೆ ಏರುವಾಗ ಸೊಂಟದ ಕೆಳಗಿನ ಮೂಳೆಯ ಮೇಲೆ ಅಂಗೈಯ ಬುಡವನ್ನೂರಿ ಬಲವಾಗಿ ಒತ್ತುತ್ತೇನೆ. “ಅಕ್ಕಾ, ಇನ್ನೂ ಸ್ವಲ್ಪ ಕೆಳಗೆ” ಎಂದು ಆಕೆಯೇ ಜಾಗ ತೋರಿಸುತ್ತಾಳೆ. ಗಂಡ ಒಳಗಿದ್ದರೆ ಅದನ್ನೇ ಅವರಿಗೂ ಕಲಿಸುತ್ತೇನೆ. ಕೈಗೊಂದು ಕೆಲಸ ಸಿಕ್ಕಿತೆಂದರೆ ಅವರ ಗಾಬರಿಯೂ ಇಳಿಯುತ್ತದೆ. ಹೊರಗೆ ಕುಳಿತ ಅಮ್ಮ, ಅತ್ತೆಯವರಿಗೆ ವೈದ್ಯರು ಹೇಳಿದ್ದನ್ನು ಸಮಾಧಾನವಾಗಿ ಬಿಡಿಸಿ ಹೇಳುವುದೂ ಇದರಲ್ಲಿ ಸೇರಿದೆ.

ಇದು ಬರಿಯ ಸಾಂತ್ವನವಲ್ಲ. 15 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಅಧ್ಯಯನಗಳನ್ನು 2017ರಲ್ಲಿ ಒಟ್ಟಾಗಿ ಪರಿಶೀಲಿಸಿದ, ವೈದ್ಯಕೀಯ ಸಂಶೋಧನೆಗಳನ್ನು ಅಳೆದು ನೋಡುವ ಕಾಕ್ರೇನ್ ಸಂಸ್ಥೆಯ ವರದಿಯ ಪ್ರಕಾರ, ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದರೆ ಸಹಜ ಹೆರಿಗೆಯ ಸಾಧ್ಯತೆ ಹೆಚ್ಚುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ, ಬೇನೆಯ ಅವಧಿಯೂ ತಗ್ಗುತ್ತದೆ.

ಹಣ ಕೊಟ್ಟು ಡೌಲಾ ಗೊತ್ತುಮಾಡಿಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲವೆಂಬುದು ನನ್ನನ್ನು ಸದಾ ಕಾಡುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಅನುಭವವಿರುವ ಒಬ್ಬ ಹೆಂಗಸು ಜೊತೆಗಿರಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಅವಕಾಶ ಕಲ್ಪಿಸಿದೆ. ಖಾಸಗಿತನಕ್ಕೆ ವ್ಯವಸ್ಥೆಯಿರುವಲ್ಲಿ ಗಂಡನೂ ಇರಬಹುದು. ಹಾಗಿದ್ದರೂ ಮಂಚಗಳ ನಡುವೆ ಪರದೆಯಿಲ್ಲವೆಂಬ ಕಾರಣಕ್ಕೆ ಚೊಚ್ಚಲ ಬಸುರಿಯನ್ನು ಒಂಟಿಯಾಗಿ ನರಳಲು ಬಿಡುವುದನ್ನು ನಾನು ಒಪ್ಪಲಾರೆ. ಪರದೆ ಕಟ್ಟಿಸುವುದು ಅಷ್ಟು ಕಷ್ಟದ ಕೆಲಸವೇ?

ಆದ್ದರಿಂದ ತವರಿಗೆ ಬಂದ ಗರ್ಭಿಣಿಯ ಮನೆಯವರಲ್ಲಿ ನನ್ನದೊಂದು ವಿನಂತಿ: ಎಂಟನೇ ತಿಂಗಳ ತಪಾಸಣೆಯಲ್ಲೇ ಜೊತೆಗೆ ಯಾರನ್ನು ಬಿಡುತ್ತಾರೆಂದು ವಿಚಾರಿಸಿ, ಯಾರಿರಬೇಕೆಂಬುದನ್ನು ಗರ್ಭಿಣಿಯೇ ನಿರ್ಧರಿಸಲು ಬಿಡಿ, ಮತ್ತು ಹಾಗೆ ಇರುವವರನ್ನು ಒಮ್ಮೆ ವೈದ್ಯರಿಗೂ ದಾದಿಯರಿಗೂ ಪರಿಚಯಿಸಿ.